ಫ್ಯಾಟಿನ ಖಾನೆ

ಒಂಬತ್ತು ವರ್ಷ ಆನಂದಪುರದ ಡೈರಿಯಲ್ಲಿ ಕೂತು
ಊರಿನ ಹಾಲು ಅಳೆದವಳು ನಾನು.
ಯಾರ ಎಮ್ಮೆ ಬತ್ತಿತು, ಯಾರ ಕ್ಯಾನಿಗೆ
ಬೋರ್‌ವೆಲ್ಲೂ ಒಂದಿಷ್ಟು ಹಾಲು ಕರೆಯಿತು
ಲ್ಯಾಕ್ಟೋಮೀಟರ್ ಮುಳುಗಿದ ಆಳ ನೋಡಿ ಹೇಳಿಬಿಡುತ್ತಿದ್ದೆ.

ಈಗ ನಸುಕಿನ ನಾಲ್ಕಕ್ಕೆ
ಮೊಣಕೈವರೆಗೆ ಸೋಪು ಹಚ್ಚಿ ತೊಳೆದು
ಗೋಡೆಗೆ ಬೆನ್ನಿಟ್ಟು
ನನ್ನನ್ನೇ ಹಿಂಡಿಕೊಳ್ಳುತ್ತೇನೆ.
ಬಲದಿಂದ ಹನ್ನೆರಡು ಮಿಲಿ. ಎಡದಿಂದ ಎಂಟು.
ಇಷ್ಟನ್ನು ಯಾರಾದರೂ ಡೈರಿಗೆ ತಂದಿದ್ದರೆ
ಕಾಫಿಗಾದರೂ ಇಟ್ಟುಕೊಳ್ಳಿ ಮಾರಾಯ್ರೆ ಅನ್ನುತ್ತಿದ್ದೆ.

ಮಗಳು ಶಿವಮೊಗ್ಗದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ.
ಏಳು ತಿಂಗಳಿಗೇ ಅವಸರ ಮಾಡಿದವಳು.
ತೂಕ ಒಂದು ಕೆಜಿ ಇನ್ನೂರ ಎಂಬತ್ತು,
ಹೆಸರು ಇನ್ನೂ 'ಕಮಲಾಕ್ಷಿಯ ಮಗು'.
ನನ್ನ ಹೊಲಿಗೆ ಕೀವಾಗಿದೆ, ಬಸ್ಸು ಹತ್ತಬಾರದು.
ಹಾಲು ಹತ್ತಬಹುದು.

ಸಿಸ್ಟರ್ ಜಸಿಂತಾ ಬರೆಸಿದ್ದು ಕ್ಯಾಲೆಂಡರಿನ ಬೆನ್ನ ಮೇಲಿದೆ:
ಡಬ್ಬಿಗೊಂದು ಚೀಟಿ, ಚೀಟಿಗೆ ತಾರೀಖು, ಗಂಟೆ.
ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗೆ, ಹಿಂದಕ್ಕೆ.
ಆಗಷ್ಟೇ ಹಿಂಡಿದ್ದನ್ನು ತಣ್ಣಗಾದದ್ದಕ್ಕೆ ಸುರಿಯಬೇಡಿ.
ಕೆನೆ ಮೇಲೆ ನಿಂತರೆ ಹಾಲು ಕೆಟ್ಟಿತೆಂದು ಅಳಬೇಡಿ,
ಮೆಲ್ಲಗೆ ಒಂದು ಸುತ್ತು ತಿರುಗಿಸಿ.
ಒಲೆಯ ಮೇಲೆ ಇಡಲೇಬಾರದು.

'ಕಾಯಿಸದ ಹಾಲು ಕೂಸಿಗಾ?' ಅಂದರು ಅತ್ತೆ.
ಮೊಲೆಯಲ್ಲೇನು ಒಲೆ ಇರುತ್ತದಾ ಅತ್ತೆ, ಅಂದೆ.
ನಕ್ಕರು. ನಾನೂ ನಕ್ಕೆ. ಹೊಲಿಗೆ ನೊಂದಿತು.

ಆಶಾ ಅಕ್ಕ ಪೋಲಿಯೋದ ನೀಲಿ ಡಬ್ಬಿ ಕೊಟ್ಟಿದ್ದಾಳೆ.
ಐಸಿನ ನಡುವೆ ನನ್ನ ರಾತ್ರಿಯನ್ನು ಕೂರಿಸಿ
ಗುತ್ಯಪ್ಪ ಮೊದಲ ಬಸ್ಸಿಗೆ ಓಡುತ್ತಾರೆ.
'ಏನ್ರಿ ಅದು, ಮೀನಾ?' ಕಂಡಕ್ಟರ್ ಕೇಳಿದನಂತೆ.
'ಹಾಲು.'
'ಇಷ್ಟು ಸಣ್ಣ ಡಬ್ಬಿಯಲ್ಲಿ ಯಾವ ಹಸುವಿನದು?'
ಕುಂಸಿ ದಾಟುವ ತನಕ ಇವರಿಗೆ ಉತ್ತರ ಸಿಗಲಿಲ್ಲ.
ಆಯನೂರಿನಲ್ಲಿ ಎದ್ದು ಹೋಗಿ ಹೇಳಿದರಂತೆ:
'ನಮ್ಮ ಮನೆಯವಳದ್ದು.'
ಅವತ್ತಿನಿಂದ ಎಂಜಿನ್ನಿನ ಬಿಸಿ ತಾಗದ ಸೀಟು
ಆ ಡಬ್ಬಿಗೇ ಮೀಸಲು.

ಹನ್ನೊಂದನೆಯ ದಿನ ನಾನು ಮಗ್ಗುಲಾಗಿ ಮಲಗಿದ್ದೆ.
ಅಡುಗೆಮನೆಯಿಂದ ಬಂತು ವಾಸನೆ,
ಸಿಹಿ, ಪರಿಚಿತ, ಆದರೆ ಯಾವ ಕೊಟ್ಟಿಗೆಯದೂ ಅಲ್ಲ.
ಪುಟ್ಟ ಸ್ಟೀಲ್ ಲೋಟ. ಅದರ ಮೇಲೆ ತೆಳುವಾದ ಕೆನೆ.
ಎರಡು ರಾತ್ರಿಯ ನಲವತ್ತು ಮಿಲಿ.
'ತಣ್ಣಗಿತ್ತಲ್ಲ ಕಣೇ, ಕೂಸಿಗೆ ಶೀತ ಆದೀತು ಅಂತ...'
ಅತ್ತೆಯ ಕೈಯಲ್ಲಿ ಇಕ್ಕಳ ನಡುಗುತ್ತಿತ್ತು.

ಬಂಗಾರಮ್ಮ ನೆನಪಾದಳು.
ಸೆಕೆಯ ಒಂದು ಸಂಜೆ ಅವಳ ಮೂರು ಲೀಟರು
ಹುಳಿ ಬಂದಿದೆ ಅಂತ ತಿರುಗಿಸಿದ್ದೆ.
ಕ್ಯಾನು ಸೊಂಟಕ್ಕೆ ಒತ್ತಿಕೊಂಡು ನಿಂತೇ ಇದ್ದಳು.
'ನೆಕ್ಸ್ಟ್' ಅಂದಿದ್ದೆ ನಾನು.

ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡೆ.
ಏನೂ ಅನ್ನಲಿಲ್ಲ.
ಇರುವೆ ಮುತ್ತದ ಕಡೆ, ಪೇರಲೆ ಬುಡಕ್ಕೆ,
ಇಬ್ಬರೂ ಸೇರಿ ಸುರಿದೆವು.

ಇವತ್ತು ಸಿಸ್ಟರ್ ಫೋನು:
'ನಳಿಕೆ ತೆಗೆದೆವು. ಒಳಲೆಯಲ್ಲಿ ಹತ್ತು ಮಿಲಿ ಕೊಟ್ಟೆ,
ಆರು ಕುಡಿದಳು, ನಾಲ್ಕು ಉಳಿಸಿದಳು.
ಉಳಿದದ್ದು ಚೆಲ್ಲಿದೆ, ಬೇಜಾರು ಮಾಡ್ಕೋಬೇಡಿ,
ಬಾಯಿಟ್ಟ ಮೇಲೆ ಎತ್ತಿಡೋ ಹಾಗಿಲ್ಲ.'

ಬಾಯಿಟ್ಟ ಮೇಲೆ!
ಆ ನಾಲ್ಕು ಮಿಲಿಯನ್ನು ಊರಿಗೆಲ್ಲ ಹೇಳಿಕೊಂಡು ಬಂದೆ.

ಸಂಜೆ ಡೈರಿಯಿಂದ ಹಳೆಯ ಲೆಕ್ಕದ ಪುಸ್ತಕ ತರಿಸಿದೆ.
ಖಾಲಿ ಗೆರೆಯಲ್ಲಿ ಪೆನ್ಸಿಲಿನಿಂದ ಬರೆದೆ:
ಕಮಲಾಕ್ಷಿ. ಬೆಳಿಗ್ಗೆ. ಮೂವತ್ತೈದು ಮಿಲಿ.

ಫ್ಯಾಟಿನ ಖಾನೆಯ ಮುಂದೆ ಕೈ ನಿಂತಿತು.
ಪರೀಕ್ಷೆ ಮಾಡಬಹುದಿತ್ತು, ಯಂತ್ರ ಪಕ್ಕದ ಬೀದಿಯಲ್ಲೇ ಇದೆ.
ಅದಕ್ಕೆ ಬೇಕಾದ ಹನಿಗಳನ್ನು ಕೊಡಲು
ಮನಸ್ಸು ಬರಲಿಲ್ಲ.