ಹೆಪ್ಪು

ಶೆಫೀಲ್ಡಿನ ನವೆಂಬರಿನಲ್ಲಿ ಹಾಲು ಹೆಪ್ಪಾಗಲು
ಹನ್ನೆರಡು ಗಂಟೆಯಾದರೂ ಬೇಕು. ಪಾತ್ರೆಗೆ ಮಫ್ಲರು ಸುತ್ತಿ
ಬಾಯ್ಲರಿನ ಪಕ್ಕ ಇಟ್ಟು ರಾತ್ರಿ ಪಾಳಿಗೆ ಹೊರಡುತ್ತೇನೆ.
ವಾಕ್ಲಿಯ ಇಳಿಜಾರು, ಒದ್ದೆ ಕಲ್ಲಿನ ಗೋಡೆ,
ಅರ್ಧ ದಾರಿಯಲ್ಲಿ ದೀಪದ ಕಂಬ ಹಿಡಿದು
ಪಕ್ಕದ ಮನೆಯ ನೆವಿಲ್ ಆಕ್ರಾಯ್ಡ್, ಏನೋ ನೋಡುವವರ ಹಾಗೆ.
ನೋಡುವುದೇನಿಲ್ಲ. ಉಸಿರು ಹಿಂದೆ ಉಳಿದಿದೆ,
ಬಂದು ಸೇರಲಿ ಅಂತ ಕಾಯುತ್ತಾರೆ.

ಮಾರ್ಚಿನಲ್ಲಿ ಅವರ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.
ಅದೇ ಪದ. ನಮ್ಮಲ್ಲಿ ಎರಡಕ್ಕೂ ಒಂದೇ,
ಮೊಸರಿಗೂ ನೆತ್ತರಿಗೂ.
ಇಲ್ಲಿಯವರು ಬೇರೆ ಬೇರೆ ಇಟ್ಟುಕೊಂಡಿದ್ದಾರೆ, ಒಳ್ಳೆಯದೇ.

ಮೊದಲು ಆಕರಕೋಶಗಳನ್ನೇ ಹೃದಯಕ್ಕೆ ಚುಚ್ಚಿ ನೋಡಿದ್ದರಂತೆ.
ಬೇರು ಬಿಡಲಿಲ್ಲ, ವಾರದೊಳಗೆ ಬಹುಪಾಲು ಸತ್ತವು.
ಆದರೂ ಗಾಯ ತುಸು ಚಿಕ್ಕದಾಗಿತ್ತು,
ಯಾರೂ ಇಲ್ಲದ ಮನೆಯಲ್ಲಿ ಒಲೆ ಬೆಚ್ಚಗಿದ್ದ ಹಾಗೆ.
ಹುಡುಕಿದಾಗ ಸಿಕ್ಕಿದ್ದು ಎಕ್ಸೋಸೋಮು:
ಕೋಶ ಹೊರಗೆ ತಳ್ಳುವ ಸಣ್ಣ ಸಣ್ಣ ಚೀಲ,
ಒಂದು ಕೂದಲಿನ ಅಗಲಕ್ಕೆ ಹೆಚ್ಚು ಕಡಿಮೆ ಸಾವಿರ.
ಕಸ ಅಂದುಕೊಂಡಿದ್ದರು ಬಹಳ ದಿನ.
ಬಿಚ್ಚಿದರೆ ಬುತ್ತಿ.

ಕೋಶಗಳಿಗೆ ನಾವು ಉಣಿಸುವುದು ಕರುವಿನ ರಕ್ತದ ತಿಳಿ.
ಅದರಲ್ಲೂ ಇವೇ ಚೀಲಗಳು, ಹಸುವಿನವು.
ಮೊದಲು ಅವನ್ನು ತೆಗೆಯಬೇಕು, ಪೂರ್ತಿ ಒಂದು ರಾತ್ರಿಯ ಕೆಲಸ,
ಇಲ್ಲದಿದ್ದರೆ ಯಾವುದು ಯಾರ ಮಾತೆಂದು ತಿಳಿಯದು.
ಆಮೇಲೆ ಎದುರೆದುರಿನ ನಳಿಗೆಗಳನ್ನು ತೂಗಿ, ಒಂದು ಹನಿ ಹೆಚ್ಚಾದರೂ ತೆಗೆದು,
ಹೊರಮೈಗೆ ಕಪ್ಪು ಪೆನ್ನಿನಿಂದ ಗೆರೆ ಎಳೆಯುತ್ತೇನೆ.
ಲಕ್ಷ ಪಟ್ಟು ಭಾರದಲ್ಲಿ ಎರಡು ತಾಸು ಗಿರಗಿರ ತಿರುಗಿ ನಿಂತಾಗ
ತಳದಲ್ಲಿ ಏನೂ ಇಲ್ಲ.
ಇಲ್ಲ ಅನ್ನಬಾರದು. ಕಾಣುವುದಿಲ್ಲ.
ಗೆರೆಯ ಕಡೆಗೇ ಇರಬೇಕು ಅಂತ ನಂಬಿ
ಉಪ್ಪುನೀರು ಹನಿಸಿ ಎಬ್ಬಿಸುತ್ತೇನೆ.
ಇದನ್ನು ವಿಜ್ಞಾನ ಅನ್ನುತ್ತಾರೆ,
ನಾನೂ ಅನ್ನುತ್ತೇನೆ, ಸಂಬಳದ ದಿನ.

ನಲವತ್ತೊಂದನೇ ಹಂದಿ. ಹೆಸರಿಡಬಾರದೆಂದು ನಿಯಮ,
ಮೇವು ಹಾಕುವ ಕಾಲಮ್ ಅದನ್ನು ಡಚೆಸ್ ಅನ್ನುತ್ತಿದ್ದ.
ಬಲೂನಿನಿಂದ ರಕ್ತನಾಳ ಕಟ್ಟಿ, ಬಿಟ್ಟು, ನಮ್ಮ ಹನಿ ಕೊಟ್ಟರು.
ನಾಲ್ಕು ವಾರಕ್ಕೆ ಕಲೆ ಮೂರರಲ್ಲೊಂದು ಪಾಲು ಕುಗ್ಗಿತ್ತು.
ನಲವತ್ತೆರಡರಲ್ಲಿ ಎಳ್ಳಷ್ಟೂ ಇಲ್ಲ.
ಅದೇ ಬ್ಯಾಚು, ಅದೇ ಕೈ, ಅದೇ ಗೆರೆ.
ಡಚೆಸಳ ಹೃದಯವನ್ನು ಹೋಳು ಮಾಡಿದವಳು ನಾನೇ.
ಬಿಳಿಯ ಅಂಚಿನಲ್ಲಿ ಕೆಂಪು ಎಳೆಯೊಂದು ಒಳನುಗ್ಗಿತ್ತು,
ಬೇಲಿ ದಾಟಿದ ಬಸಳೆಯಂತೆ.

ನೆವಿಲ್ ಅವರದು ಕತ್ತರಿ ಜೋಡಿಸುವ ಕಸುಬು, ಐವತ್ತೊಂದು ವರ್ಷ.
ಎರಡು ಅಲಗು ಯಾವಾಗಲೂ ಒಂದೇ ಚುಕ್ಕೆಯಲ್ಲಿ ತಾಗಬೇಕಂತೆ,
ಆ ಚುಕ್ಕೆ ಬುಡದಿಂದ ತುದಿಯವರೆಗೆ ನಡೆಯಬೇಕಂತೆ.
ಕಣ್ಣಿಗೆ ಗೊತ್ತಾಗದು ಹುಡುಗಿ, ಕಿವಿಗೆ ಗೊತ್ತು.
ನಿನ್ನ ಲ್ಯಾಬಿನ ಆ ನೀರು, ಟೀಗೆ ಬೆರೆಸಿ ಕುಡಿಯಬಹುದೇ?
ಇಲ್ಲ.
ಮತ್ತೆ ಯಾವಾಗ?
ಹತ್ತು ವರ್ಷ, ಅಂದೆ. ಪ್ರೊಫೆಸರು ಹೇಳುವುದು ಹಾಗೆ.
ಹತ್ತು ವರ್ಷದ ಹಿಂದೆಯೂ ಅದನ್ನೇ ಹೇಳಿದ್ದರಂತೆ,
ಅದನ್ನು ನಾನು ಹೇಳಲಿಲ್ಲ.
ಎಪ್ಪತ್ತೆಂಟಕ್ಕೆ ಹತ್ತು ಕೂಡಿಸಿ ನಕ್ಕರು,
ನಗು ಕೆಮ್ಮಾಗಿ ಮತ್ತೆ ಕಂಬ ಹಿಡಿದರು.
ಆ ಹಂದಿ ಚೆನ್ನಾಗಿದೆಯೇ?
ಚೆನ್ನಾಗಿತ್ತು.
ಆ 'ಇತ್ತು' ಅವರಿಗೆ ಇಂಗ್ಲಿಷಿನಲ್ಲೂ ಕೇಳಿಸಿತು.

ಬೆಳಿಗ್ಗೆ ಏರು ಹತ್ತಿ ಬಂದರೆ ಹಾಲು ಇನ್ನೂ ಹಾಲೇ.
ಮಫ್ಲರು ಸರಿಮಾಡಿ, ಮೊಂಡಾದ ಅಡುಗೆ ಕತ್ತರಿ ಹಿಡಿದು
ಪಕ್ಕದ ಬಾಗಿಲು ತಟ್ಟಿದೆ.
ತಿರುಪನ್ನು ಕಾಲು ಸುತ್ತು ಸಡಿಲಿಸಿ,
ಅಲಗಿಗೆ ಸುತ್ತಿಗೆಯಿಂದ ಎರಡು ಏಟು,
ಮೂರನೆಯದಕ್ಕೆ ಎತ್ತಿದ ಕೈ ತಡೆದು,
ನನ್ನ ಕಿವಿಯ ಹತ್ತಿರ ತಂದು ಮೆಲ್ಲಗೆ ತೆರೆದು ಮುಚ್ಚಿದರು.
ಕೇಳಿಸಿತೇ?
ಹೂಂ, ಅಂದೆ.
ನಾನು ಕೇಳುತ್ತಿದ್ದುದು ಕತ್ತರಿಯದಲ್ಲ,
ಅದರ ಹಿಂದಿನ ಇನ್ನೊಂದು ಸದ್ದು.