ನಡುವಿನ ಬಾಗಿಲು

ಒಮಾರಮಾ ದಾಟಿ ಜಲ್ಲಿರಸ್ತೆಗೆ ಇಳಿದದ್ದೇ ತಡ
ಹಿಂದೆ, ಬಚ್ಚಲಲ್ಲಿ, ಏನೋ ಸರಕ್ಕೆಂದಿತು.
ರೇವಿ, ನಿನ್ನ ಮುಖ ಬಿತ್ತು ನೋಡು, ಅಂದಳು ನೈರೀ.

ಪೂರ್ತಿ ಬಿದ್ದಿರಲಿಲ್ಲ.
ಮೂರು ಬಾಗಿಲ ಕಪಾಟಿನಲ್ಲಿ ನಡುವಿನ ಕನ್ನಡಿ
ನಾಲ್ಕು ಬೆರಳು ಜಾರಿ, ನಲ್ಲಿಯ ಮೇಲೆ
ಗದ್ದ ಊರಿ ನಿಂತಿತ್ತು.
ಮೂಲೆಯಲ್ಲೊಂದು ಸೀಳು. ಅಂಚಿನುದ್ದಕ್ಕೂ ಕಪ್ಪು:
ಹದಿನೆಂಟು ಚಳಿಗಾಲದ ಹಬೆ
ರಸವನ್ನು ಒಳಗೊಳಗೇ ಮೆಂದ ಗುರುತು.

ಹಬೆಯದಷ್ಟೇ ಅಲ್ಲ. ಮೇಲಂಚು ಸಡಿಲಾದಾಗ
ಕಿಟಕಿಯ ಸಿಲಿಕೋನ್ ತುರುಕಿದ್ದು ನಾನೇ.
ವಿನೆಗರ್ ನಾತದ್ದು ಕನ್ನಡಿಗೆ ವಿಷ ಕಣೋ
ಎಂದಿದ್ದ ಪಕ್ಕದ ಬಸ್ಸಿನ ಡಚ್ಚ, ವೀಬೆ.
ಹೂಂ ಅಂದಿದ್ದೆ, ತುರುಕುತ್ತಲೇ.

ಸರೋವರದ ದಂಡೆಗೆ ಬಸ್ಸು ಹಚ್ಚಿದೆವು.
ಕನ್ನಡಿ ತುಂಬ ನೀಲಿ ಟೇಪು, ಅಡ್ಡ, ಉದ್ದ,
ಒಡೆದರೂ ಚೂರು ಚೆಲ್ಲದಿರಲಿ ಎಂದು.
ನೈರೀಯ ಹೇರ್‌ಡ್ರೈಯರು, ಜನರೇಟರಿನ ಕೆಮ್ಮು,
ಹಳೆಯ ಅಂಟು ನಿಧಾನಕ್ಕೆ ಮೆತ್ತಗಾಯಿತು.
ಹಲ್ಲುಸಂದಿಯ ದಾರ ಬೆರಳಿಗೆ ಸುತ್ತಿ
ಹಿಂದಕ್ಕೆ ತೂರಿಸಿ, ಎಳೆ, ಬಿಡು, ಎಳೆ, ಬಿಡು.

ಇದು ಕೈಗೆ ಗೊತ್ತಿರುವ ಕೆಲಸ.
ನಲವತ್ತೊಂದು ವರ್ಷ ಕುರಿಯುಣ್ಣೆ ಕತ್ತರಿಸಿದವನು ನಾನು:
ಚರ್ಮಕ್ಕೆ ಹತ್ತಿಕೊಂಡೇ ಹೋಗಬೇಕು,
ಚರ್ಮಕ್ಕೆ ಗಾಯವಾಗಕೂಡದು.
ಎಡಗೈ ಹಿಗ್ಗಿಸಿ ಹಿಡಿದಿರಬೇಕು, ಬಲಗೈಗೆ ಅವಸರ ಬೇಡ.
ತುಂಡಾಗದೆ, ಒಂದೇ ಕಂಬಳಿಯಾಗಿ
ಬಿಚ್ಚಿಕೊಂಡು ಬಂದರೆ ಅದು ಕೆಲಸ.
ಬಂತು.
ತೊಡೆಯ ಮೇಲಿಟ್ಟುಕೊಂಡೆ. ಹಿಮಕ್ಕೆ ಸತ್ತ ಮರಿಯಷ್ಟೇ ಭಾರ,
ಅಷ್ಟೇ ತಣ್ಣಗೆ.

ಬೆತ್ತಲಾದ ಹಲಗೆಯ ಮೇಲೆ ಪೆನ್ಸಿಲ್ ಬರಹ:
'ನಡುವಿನದು. ಮಂಗಳವಾರ. ಬಾಗಿಲು ತುಸು ಸೊಟ್ಟ. ಕ್ಷಮಿಸಿ.'
ಹೆಸರಿಲ್ಲ.
ಯಾವ ಕಾರ್ಖಾನೆಯ ಯಾರ ಕೈಯೋ
ಇಷ್ಟು ವರ್ಷ ನನ್ನ ಮುಖದ ಹಿಂದೆ ನಿಂತು
ತಪ್ಪೊಪ್ಪಿಕೊಳ್ಳುತ್ತಲೇ ಇತ್ತು.
ನಾನೋ, ದಿನಾ ಬೆಳಗ್ಗೆ ನೊರೆ ಹಚ್ಚುತ್ತ
ಸೊಟ್ಟ ನನ್ನದೇ ಅಂದುಕೊಂಡಿದ್ದೆ.

ಟಿಮರುವಿನ ಅಂಗಡಿಯಲ್ಲಿ ಅಕ್ರಿಲಿಕ್ ಕೊಯ್ದುಕೊಟ್ಟರು.
ಹಗುರ; ಬಿದ್ದರೂ ಒಡೆಯದು; ಎರಡು ಬೆರಳು ಗಿಡ್ಡ.
ಅಳತೆಯ ರಟ್ಟು ಕತ್ತರಿಸಿದ್ದು ನಾನು. ಯಾರನ್ನು ಬಯ್ಯಲಿ?
ಬರಿ ಹಲಗೆಯ ಪಟ್ಟಿ ಮೇಲೆ ಬಿಟ್ಟರೆ ನನ್ನ ಹಣೆ ಹೋಗುತ್ತದೆ,
ಕೆಳಗೆ ಬಿಟ್ಟರೆ ಅವಳ ಗದ್ದ.
ಎಡಬಲದ ಕಿರುಬಾಗಿಲುಗಳಲ್ಲಿ ಕಿವಿಯಷ್ಟೇ ಕಾಣುವುದು.

ಆ ಗದ್ದದ ಮೇಲೆ ಕಳೆದ ವರ್ಷ
ಮೊಕೊ ಹಚ್ಚೆ ಬಂದು ಕೂತಿದೆ, ಅಜ್ಜಿಯರ ಗೆರೆಗಳು,
ಅರವತ್ತೆಂಟನೆಯ ವಯಸ್ಸಿಗೆ.
ಈಗಲೂ ದಿನಾ ಎದ್ದು, ಹಲ್ಲುಜ್ಜುವ ಮೊದಲು,
ಅದು ಇದೆಯೋ ಎಂದು ನೋಡಿಕೊಳ್ಳುತ್ತಾಳೆ.
ನನಗೆ ಬಾಗುವುದು ಹೊಸದಲ್ಲ.

ಹಲಗೆಯ ಮೇಲೆ, ಆ ಬರಹದ ಕೆಳಗೆ, ಬರೆದೆ:
'ಮೇಲೆ ಎರಡು ಬೆರಳು ಕಮ್ಮಿ. ಶುಕ್ರವಾರ. ಬೇಕೆಂದೇ.'
ಈ ಸಲ ವೀಬೆ ಹೇಳಿದ ಅಂಟು, ಬೊಟ್ಟು ಬೊಟ್ಟಾಗಿ;
ಟೇಪು ಬಿಗಿದು, ಒಂದು ಹಗಲು ಒಂದು ರಾತ್ರಿ
ಬಸ್ಸು ಕದಲಿಸಲಿಲ್ಲ.

ಬೆಳಗ್ಗೆ ಕನ್ನಡಿಯ ಮೈಯ ಹಾಳೆ ಇನ್ನೂ ಸುಲಿದಿರಲಿಲ್ಲ.
ನೈರೀ ಬಾಚಣಿಗೆ ಹಿಡಿದು ನನ್ನೆದುರು ನಿಂತಳು.
ಸರಿಯಾಗಿದೆಯಾ?
ಆಗಿದೆ, ಅಂದೆ.
ಬೈತಲೆ ತುಸು ಸೊಟ್ಟಗಿತ್ತು.
ಚಹಾಕ್ಕೆ ನೀರಿಟ್ಟೆ.