ಡಿಕ್ಕಿ

ಬಿಣಗಾ ತಿರುವಿನಲ್ಲಿ ಲಾರಿಗೆ ಡಿಕ್ಕಿ.
ಈಗ ಕೋಡಿಬಾಗದ ಗ್ಯಾರೇಜಿನಲ್ಲಿ
ಒಂದು ಕಣ್ಣು ಕಳಕೊಂಡು ನಿಂತಿದೆ ಬಿಳಿ ಕಾರು.
ನಾನು ಸರ್ವೇಯರ್. ಫೋಟೋ ಹೊಡೆದು, ಬಗ್ಗಿ,
ಐದು ರೂಪಾಯಿ ನಾಣ್ಯದಲ್ಲಿ ತಳ ಕೆರೆದು ನೋಡುತ್ತೇನೆ:
ಯಾವ ಗಾಯ ಲಾರಿಯದು, ಯಾವುದು ಕಡಲಿನದು.

"ತುಕ್ಕಿಗೆ ಬರೋದಿಲ್ಲ ಬಾಯಿ," ಅಂದೆ.
"ಗಾಜಿಗೆ ಪೂರ್ತಿ. ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ.
ತಗಡಿಗೆ ವಯಸ್ಸು ನೋಡಿ."
ಶೇವಂತಿ ದುರ್ಗೇಕರ ನಕ್ಕಳು:
"ನನ್ನ ಮೊಣಕಾಲಿಗೆ ಎಷ್ಟು ಹಿಡೀತೀರಿ?"

ಏಳು ವರ್ಷ ಪ್ರೀಮಿಯಂ ತಪ್ಪಿಸಿಲ್ಲ ಆಕೆ,
ಒಂದು ಕ್ಲೇಮು ಕೇಳಿದ್ದಿಲ್ಲ.
ಕೇಳದೇ ಇದ್ದುದಕ್ಕೆ ಕಂಪನಿ ಬಿಟ್ಟ ರಿಯಾಯಿತಿ
ಇವತ್ತು ಸಹಿ ಹಾಕಿದರೆ ಸೊನ್ನೆ.
ಲಾರಿಯವನ ದೀಪ ಒಡೆದದ್ದಕ್ಕೆ ಮಾತ್ರ
ಪಾಲಿಸಿ ತಕರಾರಿಲ್ಲದೆ ಕೊಡುತ್ತದೆ;
ಕಡ್ಡಾಯವಾದದ್ದು ಪರರ ಪಾಲು,
ಸ್ವಂತದ್ದು ಅವರವರ ಇಷ್ಟ.
ಕಾನೂನು ಅಷ್ಟರ ಮಟ್ಟಿಗೆ ಧರ್ಮಿಷ್ಠ.

ಆಮೇಲೆ ಹಿಂದಿನ ಡಿಕ್ಕಿ ತೆಗೆದೆ.
ತೊಳೆದಿದ್ದಾರೆ, ಊದುಬತ್ತಿ ಹಚ್ಚಿದ್ದಾರೆ.
ಆದರೂ ಸ್ಟೆಪ್ನಿಯ ಸಂದಿಯಲ್ಲಿ
ಒಂದೇ ಒಂದು ತಾರ್ಲೆಯ ಹುರುಪೆ
ಹೆಬ್ಬೆರಳಿಗಂಟಿತು, ಹೊಳೆಯಿತು.

ಖಾಸಗಿ ಕಾರು. ಸರಕು ಹೇರುವಂತಿಲ್ಲ.
ಹೇರಿದ್ದರೆ ಗಾಜಿಗೂ ಇಲ್ಲ, ರಬ್ಬರಿಗೂ ಇಲ್ಲ.

"ಮನೆಗೆ ಒಯ್ದದ್ದು," ಅಂದಳು, ನಾನು ಕೇಳುವ ಮೊದಲೇ.
"ಎಷ್ಟು?"
"ಮನೆ ದೊಡ್ಡದು."

ಬೈತಖೋಲಿನ ಕಡೆಯಿಂದ ಬೋಟಿನ ಸದ್ದು.
ಮೆಕ್ಯಾನಿಕ್ ಹುಡುಗ ಪಾನಾ ಹಿಡಿದು
ನನ್ನ ಮುಖ ನೋಡುತ್ತ ನಿಂತಿದ್ದ.
ಪೆನ್ನಿನ ಮುಚ್ಚಳ ತೆಗೆದೆ.
ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿದೆ, ಹೋಗಲಿಲ್ಲ.

ಖಾನಾವಳಿಯಲ್ಲಿ ಊಟಕ್ಕೆ ಕೂತಾಗಲೂ
ಫಾರ್ಮಿನ ಆ ಒಂದು ಚೌಕ
ಖಾಲಿಯೇ ಇತ್ತು.
ಬಡಿಸುವವನು ಕೇಳಿದ: "ತಾರ್ಲೆ ಫ್ರೈ ಹಾಕಲಾ?"